ಆರು ರನ್ನಿನ ಜಾತಕ

ಜಯನಗರ ನಾಲ್ಕನೇ ಬ್ಲಾಕಲ್ಲಿ ಕಾಫಿ ಕುಡೀತಾ ನಿಂತಿದ್ವಿ. ಗೆಳೆಯ ಶುರು ಮಾಡಿದ: "ಏನೇ ಹೇಳು ಗುರು, ಕಪ್ ಬಂದ್ಮೇಲೆ ಕೊಹ್ಲಿ ಪೂರ್ತಿ ಆದ." ನಾನಂದೆ, "ಹಂಗಾದ್ರೆ ಕುಂಬ್ಳೆ?" ಅವನು ಲೋಟ ಕೆಳಗಿಟ್ಟ. "ದೊಡ್ಡ ಬೌಲರ್, ಇಲ್ಲ ಅನ್ನಲ್ಲ. ಆದ್ರೆ ವರ್ಲ್ಡ್ ಕಪ್ ಇಲ್ಲ, ಐಪಿಎಲ್ ಇಲ್ಲ. ಏನ್ ಗೆದ್ರು ಹೇಳು?"

ಪಕ್ಕದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಲ್ಲಿ ಓದಿ, ನಮ್ಮ ಥರಾನೇ ಬಿಇ ಮಾಡಿ, ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದ ಮನುಷ್ಯನ ಬಗ್ಗೆ ಈ ಪ್ರಶ್ನೆ. ಇವತ್ತಿಗೂ ಭಾರತದ ಪರ ಅಷ್ಟು ವಿಕೆಟ್ ಬೇರೆ ಯಾರೂ ತೆಗೆದಿಲ್ಲ. ಆದರೂ "ಏನ್ ಗೆದ್ರು?"

ಸರಿ, ಲೆಕ್ಕಾನೇ ಮಾಡೋಣ.

2009ರ ಮೇ 24, ಜೋಹಾನ್ಸ್‌ಬರ್ಗ್, ಐಪಿಎಲ್ ಫೈನಲ್. ನಾನಾಗ ಬಿಇ ಓದ್ತಾ ಬನಶಂಕರಿಯ ಪಿಜಿಯಲ್ಲಿದ್ದೆ. ಒಂದು ಟಿವಿಗೆ ಇಪ್ಪತ್ತು ಹುಡುಗರು. ಟೆಸ್ಟ್‌ಗೆ ವಿದಾಯ ಹೇಳಿದ್ದ 38 ವರ್ಷದ ಕುಂಬ್ಳೆ ಕ್ಯಾಪ್ಟನ್. ಮೊದಲ ಓವರ್ ತಾವೇ ಹಾಕಿ ಗಿಲ್‌ಕ್ರಿಸ್ಟ್‌ನ ಸೊನ್ನೆಗೆ ಕಳಿಸಿದರು. ನಾಲ್ಕು ಓವರ್, 16 ರನ್, 4 ವಿಕೆಟ್. ಡೆಕ್ಕನ್ ಚಾರ್ಜರ್ಸ್ ಹೊಡೆದಿದ್ದು 143. ನಮ್ಮವರು 137ಕ್ಕೆ ನಿಂತರು. ಆರು ರನ್ನಿಂದ ಸೋಲು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ಕುಂಬ್ಳೆಗೇ ಬಂತು.

2025ರ ಜೂನ್ 3, ಅಹಮದಾಬಾದ್. ಆರ್‌ಸಿಬಿ 190, ಪಂಜಾಬ್ 184. ಆರು ರನ್ನಿಂದ ಗೆಲುವು! ಕೊಹ್ಲಿ 35 ಬಾಲಿಗೆ 43. "ಇದೇನ್ ಗುರು ಟೆಸ್ಟ್ ಆಡ್ತಾನೆ" ಅಂತ ಅವತ್ತು ರಾತ್ರಿ ಬೈದವನು ಇದೇ ಗೆಳೆಯ. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು 2 ವಿಕೆಟ್ ತೆಗೆದ, ಪಂದ್ಯ ನಮ್ಮ ಕಡೆ ವಾಲಿತು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹಳ ದಿನ ನಮ್ಮ ಗುಂಪಲ್ಲಿ ಯಾರೂ ಕಪ್ಪಿನ ಮಾತೆತ್ತಲಿಲ್ಲ. ಈಗ ಎತ್ತಿದ್ದಾರೆ, ಹಳೇ ತಪ್ಪು ಲೆಕ್ಕದ ಜೊತೆಗೇ.

ಯಾಕಂದ್ರೆ 2016ರಲ್ಲಿ ಕೊಹ್ಲಿ ಒಂದೇ ಸೀಸನ್ನಲ್ಲಿ 973 ರನ್ ಹೊಡೆದಿದ್ದ. ಫೈನಲ್ಲಲ್ಲೂ ಅರ್ಧ ಶತಕ. ತಂಡ ಎಂಟು ರನ್ನಿಂದ ಸೋತಿತು, ಅವನು 'ಕಪ್ ಗೆಲ್ಲದವನು'. ಒಂಬತ್ತು ವರ್ಷ ಆದ್ಮೇಲೆ ನಿಧಾನಕ್ಕೆ 43 ಹೊಡೆದ, ಕೃಣಾಲ್ ಕಟ್ಟಿ ಹಾಕಿದ, ಇವನು 'ಪೂರ್ತಿ' ಆದ. ಇದರಲ್ಲಿ ನ್ಯಾಯ ಎಲ್ಲಿದೆ ಸ್ವಾಮಿ?

"ದೊಡ್ಡವರು ಫೈನಲ್ಲಲ್ಲಿ ತೋರಿಸ್ಬೇಕು" ಅಂತಾರೆ. ತೋರಿಸಿದ್ದಾರಲ್ಲ! 1993ರ ಹೀರೋ ಕಪ್ ಫೈನಲ್, ಈಡನ್ ಗಾರ್ಡನ್ಸ್: ವೆಸ್ಟ್ ಇಂಡೀಸ್ ವಿರುದ್ಧ ಕುಂಬ್ಳೆ 12 ರನ್ನಿಗೆ 6 ವಿಕೆಟ್. ಅವತ್ತು ಬ್ಯಾಟ್ಸ್‌ಮನ್ನರು 225 ಹೊಡೆದು ಕೊಟ್ಟಿದ್ದರು, ಕಪ್ ಬಂತು. 2009ರಲ್ಲಿ 144 ಹೊಡೆಯೋಕೆ ಆಗಲಿಲ್ಲ, ಕಪ್ ಹೋಯ್ತು. ಎರಡೂ ಕಡೆ ಕುಂಬ್ಳೆ ಕುಂಬ್ಳೆನೇ, ಬದಲಾಗಿದ್ದು ಉಳಿದ ಹತ್ತು ಜನ. 2003ರ ವಿಶ್ವಕಪ್ ಫೈನಲ್ಲಲ್ಲಂತೂ ಹನ್ನೊಂದರಲ್ಲೇ ಅವರಿರಲಿಲ್ಲ. ಆಡದ ಪಂದ್ಯದ ಸೋಲನ್ನೂ ಅವರ ತಲೆಗೇ ಕಟ್ತೀರಾ?

ಹಾಗಂತ ನಾನು ಅಂಕಿ ಅಂಶದ ಭಕ್ತನೂ ಅಲ್ಲ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿದರು. ಸಿಕ್ಕಿದ್ದು ಲಾರಾ ಒಬ್ಬನೇ, ಪಂದ್ಯ ಡ್ರಾ. ಸ್ಕೋರ್‌ಕಾರ್ಡ್ ನೋಡಿದರೆ ಒಂದೇ ವಿಕೆಟ್. ಅಂಕಿ ಓದುವಾಗಲೂ ಯಾವಾಗ, ಎಲ್ಲಿ, ಯಾವ ಸ್ಥಿತೀಲಿ ಅಂತ ಕೇಳಲೇಬೇಕು. ಆದರೆ ಒಂದು ವ್ಯತ್ಯಾಸ ಇದೆ: ಆ ವಿಕೆಟ್ ಅವರದ್ದು. ಕಪ್ಪು ತಂಡದ್ದು. ತಂಡದ ಆಸ್ತೀನ ಒಬ್ಬನ ಜಾತಕದಲ್ಲಿ ಬರೀಬೇಡಿ.

ನಮ್ಮೂರು ತಿಪಟೂರು ಕಡೆ. ಕೊಬ್ಬರಿಗೆ ರೇಟು ಬಂದ ವರ್ಷ ಅಪ್ಪ ಬುದ್ಧಿವಂತ, ರೇಟು ಬಿದ್ದ ವರ್ಷ ದಡ್ಡ. ಊರಿನವರ ಲೆಕ್ಕ ಇಷ್ಟೇ. ತೋಟಕ್ಕೆ ಗೊಬ್ಬರ ಹೊತ್ತಿದ್ದು, ನೀರು ಕಟ್ಟಿದ್ದು ಎರಡೂ ವರ್ಷ ಒಂದೇ. ಚಿಕ್ಕೋನಿದ್ದಾಗ ಇದನ್ನ ಕೇಳಿ ಮೈ ಉರೀತಿತ್ತು.

ಅಂಥವನೇ ಕಳೆದ ಅಪ್ರೈಸಲ್ ಮೀಟಿಂಗಲ್ಲಿ ಏನು ಮಾಡಿದೆ ಗೊತ್ತಾ? ನಮ್ಮ ಟೀಮಿನ ಹುಡುಗನೊಬ್ಬ ಎಂಟು ತಿಂಗಳು ಅಚ್ಚುಕಟ್ಟಾಗಿ ಕೋಡ್ ಬರೆದಿದ್ದ. ಆ ಪ್ರಾಜೆಕ್ಟನ್ನ ಮೇಲಿನವರು ಅರ್ಧಕ್ಕೇ ನಿಲ್ಲಿಸಿದರು, ಅದರಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲ. "ರಿಲೀಸೇ ಆಗಿಲ್ವಲ್ಲ, ಏನ್ ರೇಟಿಂಗ್ ಕೊಡೋದು?" ಅಂದರು ಒಬ್ಬರು. ನಾನು ಬಾಯಿ ಮುಚ್ಕೊಂಡು ಕೂತಿದ್ದೆ. ಕುಂಬ್ಳೆಗೋಸ್ಕರ ಫುಟ್‌ಪಾತಲ್ಲಿ ನಿಂತು ಗಂಟೆಗಟ್ಟಲೆ ಜಗಳ ಆಡೋನಿಗೆ, ಆ ಹುಡುಗನಿಗೋಸ್ಕರ ಒಂದು ಮಾತು ಆಡೋಕಾಗಲಿಲ್ಲ.

ಈ ಕಪ್ಪಿನ ಲೆಕ್ಕ ಕ್ರಿಕೆಟ್ಟಿನಲ್ಲೇ ಮುಗಿಯಲ್ಲ, ಅದಕ್ಕೇ ನನಗಿಷ್ಟು ಸಿಟ್ಟು. ಆ ಹುಡುಗನ ಹತ್ರ ಹೋಗಿ ನಡೆದಿದ್ದು ಹೇಳಿದೀನಿ. ಮುಂದಿನ ಮೀಟಿಂಗಲ್ಲಿ ಅವನು ಬರೆದ ಕೋಡ್ ತೆಗೆದು ಎಲ್ಲರ ಮುಂದೆ ಇಡ್ತೀನಿ. ಗೆಳೆಯನಿಗೂ ಅಷ್ಟೇ ಹೇಳಿದ್ದು: ಏನ್ ಗೆದ್ರು ಅಂತ ಕೇಳೋಕೆ ಮುಂಚೆ, ಏನ್ ಮಾಡಿದ್ರು ನೋಡು.