ಕೂಡಿಟ್ಟ ಮೈಲು ಚಿನ್ನವಲ್ಲ

ನಮ್ಮ ಅಣ್ಣ ಗಲ್ಫಿಗೆ ಹೋಗಿ ಹನ್ನೆರಡು ವರ್ಷವಾಯಿತು. ವರ್ಷಕ್ಕೊಮ್ಮೆ ಊರಿಗೆ ಬಂದಾಗಲೆಲ್ಲ ಉಮ್ಮನಿಗೆ ಒಂದು ಮಾತು ಹೇಳುತ್ತಿದ್ದ: "ಉಮ್ಮಾ, ನಿಮ್ಮ ಉಮ್ರಾದ ಟಿಕೆಟಿನ ಚಿಂತೆ ಬೇಡ, ಮೈಲ್ಸ್ ಕೂಡುತ್ತಾ ಉಂಟು." ಉಮ್ಮನಿಗೆ ಮೈಲ್ಸ್ ಅಂದರೆ ಎಂತ ಅಂತ ಗೊತ್ತಿರಲಿಲ್ಲ. ಕಾರವಾರದ ನೆರೆಮನೆಯವರ ಹತ್ತಿರ "ಮಗ ವಿಮಾನದಲ್ಲಿ ಚೀಟಿ ಕಟ್ಟಿದ್ದಾನೆ" ಅಂತ ಹೇಳಿಕೊಂಡಿದ್ದರು. ಕೊನೆಗೂ ಹೊರಡುವ ಸಮಯ ಬಂದಾಗ ಅಣ್ಣ ಖಾತೆ ತೆರೆದು ನೋಡಿದರೆ, ನಲವತ್ತು ಸಾವಿರ ಇರಬೇಕು ಅಂತ ಅವನು ಲೆಕ್ಕ ಹಾಕಿದ್ದಲ್ಲಿ ಆರು ಸಾವಿರ ಚಿಲ್ಲರೆ. ಉಳಿದದ್ದರಲ್ಲಿ ಸ್ವಲ್ಪ ಅಗ್ಗದ ಟಿಕೆಟಿನಿಂದಾಗಿ ಸೇರಿಯೇ ಇರಲಿಲ್ಲ, ಸೇರಿದ್ದರಲ್ಲಿ ಹೆಚ್ಚಿನದು ಅವಧಿ ಮುಗಿದು ಹೋಗಿತ್ತು. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ನಿಯಮವನ್ನು ಅವರು ಬರೆದೇ ಇಟ್ಟಿದ್ದರು, ನಾವು ಓದಿರಲಿಲ್ಲ.

ನಮ್ಮ ಮನೆಗಳಲ್ಲಿ ಉಳಿತಾಯ ಅಂದರೆ ಚಿನ್ನ, ಜಾಗ, ಚೀಟಿ. ದುಬೈಯಿಂದ ತಂದ ಎರಡು ಪವನು ಬೀರುವಿನಲ್ಲಿ ಇಪ್ಪತ್ತು ವರ್ಷ ಕೂತರೂ ಎರಡು ಪವನೇ. ಮೈಲನ್ನೂ ನಾವು ಅದೇ ಕಣ್ಣಿನಿಂದ ನೋಡುತ್ತೇವೆ, ಇಟ್ಟಷ್ಟು ಒಳ್ಳೆಯದು ಅಂತ. ತಪ್ಪು ಅಲ್ಲಿಯೇ. ಮೈಲು ಚಿನ್ನದ ಜಾತಿಯದ್ದಲ್ಲ, ಮೀನಿನ ಜಾತಿಯದ್ದು. ಬೆಳಿಗ್ಗೆ ಬೈತಖೋಲಕ್ಕೆ ಬಂದ ಬಂಗುಡೆಗೆ ಒಂದು ಬೆಲೆ, ಸಂಜೆಗೆ ಇನ್ನೊಂದು.

ಲೆಕ್ಕ ಮಾಡಿ ನೋಡುವ. ಒಂದು ಟಿಕೆಟಿಗೆ 24 ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಅದೇ ಟಿಕೆಟನ್ನು ಮೈಲಿನಲ್ಲಿ ತೆಗೆದರೆ 30 ಸಾವಿರ ಮೈಲು, ಜೊತೆಗೆ ತೆರಿಗೆ, ನಿಲ್ದಾಣದ ಶುಲ್ಕ ಅಂತ 9 ಸಾವಿರ ನಗದು. ಈ ನಗದಿನ ಮಾತನ್ನು "ಫ್ರೀ ಟಿಕೆಟ್" ಅನ್ನುವವರು ಹೇಳುವುದೇ ಇಲ್ಲ. ಉಳಿದದ್ದು 15 ಸಾವಿರ, ಅಂದರೆ ಒಂದು ಮೈಲಿಗೆ 50 ಪೈಸೆ. ಎರಡು ವರ್ಷ ಬಿಟ್ಟು ಅದೇ ಸೀಟಿಗೆ ಕಂಪನಿ 50 ಸಾವಿರ ಮೈಲು ಕೇಳಿದರೆ ನಿಮ್ಮ ಒಂದು ಮೈಲು 30 ಪೈಸೆಗೆ ಇಳಿಯಿತು. ಖಾತೆಯಲ್ಲಿ ಅಂಕಿ ಒಂದೂ ಕಡಿಮೆಯಾಗಿಲ್ಲ, ಕಡಿಮೆಯಾದದ್ದು ಅದರ ಬಲ ಮಾತ್ರ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ತಡೆಯುವವರು ಯಾರು? ಯಾರೂ ಇಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗಲೂ ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಸಮಯ ಇತ್ತು. ಮೈಲಿಗೆ ರಿಸರ್ವ್ ಬ್ಯಾಂಕ್ ಇಲ್ಲ. ಸದಸ್ಯರಾಗುವಾಗ ನಾವು ಓದದೆ ಒತ್ತುವ "ಒಪ್ಪಿಗೆ"ಯ ಒಳಗೆ ಸಾಮಾನ್ಯವಾಗಿ ಹೀಗಿರುತ್ತದೆ: ಮೈಲು ಸದಸ್ಯನ ಆಸ್ತಿಯಲ್ಲ, ಅದಕ್ಕೆ ನಗದು ಬೆಲೆ ಇಲ್ಲ, ನಿಯಮವನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಸದಸ್ಯ ತೀರಿಕೊಂಡರೆ ಹಲವು ಕಡೆ ಮೈಲೂ ಅವನ ಜೊತೆಗೇ ಹೋಯಿತು. ಮಕ್ಕಳು ಪಾಲು ಹಾಕುವಾಗ ಜಾಗದ ಆರ್‌ಟಿಸಿ ಹುಡುಕಿದ ಹಾಗೆ ಇದನ್ನು ಹುಡುಕಿ ಪ್ರಯೋಜನವಿಲ್ಲ.

ವಿಮಾನವೇ ನಿಂತುಹೋದರೆ? ಮಂಗಳೂರಿಗೆ ಬರುತ್ತಿದ್ದ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನಿಂತಿತು, ಅದರ ಕಿಂಗ್ ಕ್ಲಬ್ಬಿನ ಮೈಲುಗಳೂ ಮಣ್ಣುಪಾಲಾದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯದಾಗಿ ಹಾರಿತು. ಅದರ ಮೈಲು ವ್ಯವಹಾರ ಬೇರೆಯೇ ಕಂಪನಿಯ ಹೆಸರಿನಲ್ಲಿ ಇದ್ದುದರಿಂದ ಮೈಲು ಪೂರ್ತಿ ಸಾಯಲಿಲ್ಲ, ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಾಯಿತು. ಆದರೆ ಜೆಟ್ಟಿನಲ್ಲಿ ಹಾರಲು ಕೂಡಿಟ್ಟವನಿಗೆ ಜೆಟ್ಟೇ ಇರಲಿಲ್ಲ. ಎಲ್ಲ ಕಥೆಯೂ ಹೀಗಲ್ಲ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿದಾಗ ವಿಸ್ತಾರದ ಪಾಯಿಂಟುಗಳು ಒಂದಕ್ಕೊಂದರಂತೆ ಅತ್ತ ಹೋದವು.

ನಮ್ಮವರಿಗೆ ನಿಜವಾಗಿ ಪೆಟ್ಟು ಕೊಡುವುದು ಇನ್ನೊಂದು ಬದಲಾವಣೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದನ್ನು ಶುರು ಮಾಡಿದಾಗ ಲೆಕ್ಕ ಸರಳ ಇತ್ತು: ಹಾರಿದ ದೂರಕ್ಕೆ ಮೈಲು. ಈಗ ಅಮೆರಿಕದ ದೊಡ್ಡ ಕಂಪನಿಗಳೆಲ್ಲ ದೂರ ಬಿಟ್ಟು ದುಡ್ಡಿನ ಲೆಕ್ಕ ಹಿಡಿದಿವೆ. ಏರ್ ಇಂಡಿಯಾ ಕೂಡ 2024ರ ಏಪ್ರಿಲಿನಿಂದ ಟಿಕೆಟಿಗೆ ಕೊಟ್ಟ ರೂಪಾಯಿ ನೋಡಿ ಪಾಯಿಂಟು ಕೊಡುತ್ತದೆ. ಗಲ್ಫಿನ ಕಂಪನಿಗಳಲ್ಲೂ ಅಗ್ಗದ ದರದ ಟಿಕೆಟಿಗೆ ಮೈಲು ತೀರಾ ಕಡಿಮೆ. ಈಗ ನೋಡಿ, ಕಂಪನಿ ಖರ್ಚಿನಲ್ಲಿ ದುಬಾರಿ ಸೀಟಿನಲ್ಲಿ ಕೂರುವ ಸಾಹೇಬರಿಗೆ ಮೈಲು ಸುರಿಯುತ್ತದೆ. ನಾಲ್ಕು ಟ್ರಾವೆಲ್ ಏಜೆಂಟರ ಹತ್ತಿರ ವಿಚಾರಿಸಿ, ಐನೂರು ರೂಪಾಯಿ ಕಡಿಮೆಗೆ ಸಿಕ್ಕಿದ ಟಿಕೆಟ್ ತೆಗೆದುಕೊಳ್ಳುವ ನಮ್ಮ ಹುಡುಗನಿಗೆ ಚಿಲ್ಲರೆ. ಇಬ್ಬರೂ ಹಾರಿದ ಆಕಾಶ ಒಂದೇ.

ಅವಧಿಯ ವಿಷಯ ಇದಕ್ಕಿಂತ ಕಠಿಣ. ಎಮಿರೇಟ್ಸ್ ಸ್ಕೈವರ್ಡ್ಸ್ ಮೈಲಿಗೆ ಮೂರು ವರ್ಷ ಆಯಸ್ಸು, ಮೂರನೇ ವರ್ಷ ಸದಸ್ಯನ ಹುಟ್ಟಿದ ತಿಂಗಳ ಕೊನೆಗೆ ಮುಗಿಯುತ್ತದೆ. ನಮ್ಮವರಲ್ಲಿ ಎಷ್ಟೋ ಜನರಿಗೆ ರಜೆ ಎರಡು ವರ್ಷಕ್ಕೊಮ್ಮೆ. ದುಬೈಯಿಂದ ಮುಂಬೈ ಸುಮಾರು 1,200 ಮೈಲು, ಹೋಗಿ ಬಂದರೆ 2,400. ಮೂರು ವರ್ಷದೊಳಗೆ ಹೆಚ್ಚೆಂದರೆ ಎರಡು ರಜೆ. ಪೂರ್ತಿ ದೂರಕ್ಕೆ ಪೂರ್ತಿ ಮೈಲು ಕೊಟ್ಟರೂ 4,800. ಅವನು ಒಂದು ಟಿಕೆಟಿಗೆ ಬೇಕಾದಷ್ಟು ಕೂಡಿಸುವ ಮೊದಲೇ ಹಳೆಯದು ಉದುರಿರುತ್ತದೆ. ಅಡಿಯಲ್ಲಿ ತೂತಿರುವ ಕೊಡದಲ್ಲಿ ನೀರು ಹೊತ್ತ ಹಾಗೆ.

ಕಾರವಾರ, ಅಂಕೋಲದ ನಮಗೆ ಮತ್ತೊಂದು ತೊಡಕು. ಎಮಿರೇಟ್ಸ್ ಮಂಗಳೂರಿಗೂ ಬರುವುದಿಲ್ಲ, ಗೋವಾಕ್ಕೂ ಬರುವುದಿಲ್ಲ. ಕತಾರಿನ ವಿಮಾನ ದಾಬೋಲಿಂ ಬಿಟ್ಟು ಇನ್ನೂ ಉತ್ತರಕ್ಕೆ, ಮೋಪಾಕ್ಕೆ ಹೋಯಿತು. ಮೈಲು ಖರ್ಚು ಮಾಡಲಿಕ್ಕಾಗಿಯೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಕೊಂಕಣ ರೈಲಿನಲ್ಲಿ ಮುಂಬೈಗೋ ಹೋದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲಗೇರಿಯ ವಿಮಾನ ನಿಲ್ದಾಣದ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಅದು ಆಗುವವರೆಗೆ ಬಾಳುವ ಮೈಲು ಯಾವ ಕಂಪನಿಯಲ್ಲೂ ಇರಲಿಕ್ಕಿಲ್ಲ.

"ಪುಕ್ಕಟೆ ಸಿಕ್ಕಿದ್ದು ಹೋದರೆ ಹೋಯಿತು, ಅದಕ್ಕೆ ಅಳುವುದೆಂತ" ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅದು ಪುಕ್ಕಟೆಯಲ್ಲ. ಮೈಲು ಬರುತ್ತದೆ ಅಂತಲೇ ಅಣ್ಣ ಹಲವು ಸಲ ಸಾವಿರ, ಎರಡು ಸಾವಿರ ಹೆಚ್ಚು ಕೊಟ್ಟು ಅದೇ ಕಂಪನಿಯಲ್ಲಿ ಬಂದಿದ್ದ. ಅದು ಎಷ್ಟು ದೊಡ್ಡ ವ್ಯಾಪಾರ ಅಂತ ಕೊರೊನಾ ಸಮಯದಲ್ಲಿ ಗೊತ್ತಾಯಿತು: 2020ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲು ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಅವರಿಗೆ ಅದು ಅಡವಿಡುವಷ್ಟು ಬೆಲೆಯ ಆಸ್ತಿ, ನಮಗೆ ಮಾತ್ರ ಆಸ್ತಿಯಲ್ಲ! ಬ್ಯಾಂಕುಗಳು ಈ ಮೈಲನ್ನು ಖರೀದಿಸಿ ಕ್ರೆಡಿಟ್ ಕಾರ್ಡಿನವರಿಗೆ ಹಂಚುತ್ತವೆ. ಕಾರ್ಡಿನ ಬಾಕಿ ಉಳಿಸಿಕೊಂಡರೆ ಬರುವ ಬಡ್ಡಿಯ ಮುಂದೆ ಆ ಪಾಯಿಂಟು ಯಾವ ಲೆಕ್ಕಕ್ಕೂ ಇಲ್ಲ. ಬಡ್ಡಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಇದ್ದ ಎಚ್ಚರ ಕಾರ್ಡ್ ಹಿಡಿದ ಹುಡುಗರಿಗೂ ಇರಲಿ.

ಹಾಗಂತ ಕಾರ್ಡ್ ಹರಿದು ಬಿಸಾಡಿ ಅಂತ ನಾವು ಹೇಳುವುದಿಲ್ಲ. ಟಿಕೆಟ್ ಏಜೆಂಟರು ತೆಗೆದರೂ, ಕೆಲಸದ ಕಂಪನಿ ತೆಗೆದರೂ ಸದಸ್ಯತ್ವದ ನಂಬರ್ ಹಾಕಿಸಿ. ಹಾಕಿಸಲು ಮರೆತರೆ ಕೆಲವು ತಿಂಗಳೊಳಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಬಹುದು. ಗಂಡ, ಹೆಂಡತಿ, ಮಕ್ಕಳ ಮೈಲು ಒಂದೇ ಕಡೆ ಸೇರಿಸುವ ಸೌಲಭ್ಯ ಹಲವರಲ್ಲಿ ಉಂಟು, ಸ್ಕೈವರ್ಡ್ಸಿನಲ್ಲೂ ಉಂಟು. ಚದುರಿದ್ದು ಸಾಯುವ ಮೊದಲು ಒಟ್ಟಾದರೆ ಏನಾದರೂ ಆದೀತು. ಟಿಕೆಟಿಗೆ ಸಾಲದಿದ್ದರೆ ಹೆಚ್ಚುವರಿ ಲಗೇಜಿಗೋ ಮತ್ತೊಂದಕ್ಕೋ ಮುಗಿಸಿಬಿಡಿ. ದುಡ್ಡು ಕೊಟ್ಟು ಮೈಲು ಖರೀದಿಸಬೇಡಿ. ಮುಖ್ಯವಾಗಿ, ಉಪ್ಪ ಉಮ್ಮನ ಉಮ್ರಾವನ್ನು ಮೈಲಿನ ಮೇಲೆ ಬಿಡಬೇಡಿ. ಟಿಕೆಟ್ ಸಿಕ್ಕಿದರೂ ವೀಸಾ, ಹೋಟೆಲ್ ಖರ್ಚು ಇದ್ದೇ ಇದೆ. ತಿಂಗಳಿಗೆ ಇಷ್ಟು ಅಂತ ರೂಪಾಯಿಯಲ್ಲೇ ತೆಗೆದಿಡಿ. ಮೊಣಕಾಲು ನೋವಿನ ಉಮ್ಮನಿಗೂ ಒಂದು ಅವಧಿ ಉಂಟು ಅಂತ ಹನ್ನೆರಡು ವರ್ಷ ನಮಗೆ ಹೊಳೆಯಲಿಲ್ಲ.

ಅಣ್ಣ ಕೊನೆಗೆ ದುಡ್ಡು ಕೊಟ್ಟೇ ಟಿಕೆಟ್ ತೆಗೆದ. ನಾವು ತಮ್ಮಂದಿರು ಅರ್ಧ ಹಾಕಿದೆವು. ಉಮ್ಮ ಹೋಗಿ ಬಂದರು, ಝಂಝಂ ನೀರು ಓಣಿಗೆಲ್ಲ ಹಂಚಿಯಾಯಿತು. ಬರುವ ತಿಂಗಳು ಅಣ್ಣ ಮತ್ತೆ ರಜೆಗೆ ಬರುತ್ತಾನೆ, ಉಳಿದ ಆರು ಸಾವಿರಕ್ಕೆ ಎಷ್ಟು ಕಿಲೋ ಲಗೇಜ್ ಸಿಗುತ್ತದೆ ಅಂತ ಈಗಲೇ ವಿಚಾರಿಸು ಅಂತ ಹೇಳಿದ್ದೇವೆ.