ವಿಷಯ ಗೊತ್ತಿದ್ದವರಿಗೆಲ್ಲ ಪಾಠ ಮಾಡಲು ಬರುತ್ತದೆಯೇ?

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ಡಿ.ಎಡ್. ಬೇಕು, ಪ್ರೌಢಶಾಲೆಗೆ ಬಿ.ಎಡ್. ಬೇಕು. ಪದವಿ ಕಾಲೇಜಿಗೆ? ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಇದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಒಂದಿಷ್ಟು ಪ್ರಶ್ನೆಗಳಿರುತ್ತವೆ, ನಿಜ. ಆದರೆ ಈಜಿನ ಬಗ್ಗೆ ಪ್ರಶ್ನೆಗೆ ಉತ್ತರ ಬರೆಯುವುದೇ ಬೇರೆ, ನೀರಿಗೆ ಇಳಿಯುವುದೇ ಬೇರೆ. 'ವಿಷಯ ಗೊತ್ತಿದ್ದರೆ ಪಾಠ ತಾನಾಗಿ ಬರುತ್ತದೆ' ಎಂಬ ನಂಬಿಕೆ ಈ ವ್ಯವಸ್ಥೆಯ ಹಿಂದಿದೆ. ಅದು ಎಷ್ಟು ಸರಿ ಎಂದು ನೋಡೋಣ.

ತರಗತಿಯಲ್ಲಿ ಯಾರಿದ್ದಾರೆ?

ಅರಕೆರೆ ಕಡೆಯಿಂದ ಶ್ರೀರಂಗಪಟ್ಟಣಕ್ಕೆ, ಮೇಲುಕೋಟೆ ಕಡೆಯಿಂದ ಪಾಂಡವಪುರಕ್ಕೆ, ಕಿಕ್ಕೇರಿ ಕಡೆಯಿಂದ ಕೆ.ಆರ್. ಪೇಟೆಗೆ, ಬಿಂಡಿಗನವಿಲೆ ಕಡೆಯಿಂದ ನಾಗಮಂಗಲಕ್ಕೆ ಬಸ್ಸು ಹತ್ತಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳನ್ನು ನೆನೆಸಿಕೊಳ್ಳಿ. ಅನೇಕರಿಗೆ ಮನೆಯಲ್ಲಿ ಪದವಿ ಓದಿದವರು ಬೇರೆ ಯಾರೂ ಇಲ್ಲ. ಹಲವರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ಪಠ್ಯದ ಮುಂದೆ ಕುಳಿತಿದ್ದಾರೆ. ಕೆಲವರಿಗೆ ಬೆಳಗಿನ ಹಾಲು ಡೇರಿಗೆ ಹಾಕಿಯೇ ಹೊರಡಬೇಕು, ಕೆಲವರಿಗೆ ಸಂಜೆಯ ಬಸ್ಸು ತಪ್ಪಿದರೆ ಊರು ಸೇರುವುದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಮೀಸಲಿಟ್ಟಿದೆ. ಸೀಟು ಸಿಕ್ಕರೆ ಬಾಗಿಲು ತೆರೆದಂತೆ. ಒಳಗೆ ಬಂದವರಿಗೆ ಪಾಠ ಮುಟ್ಟುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

ನಂಬಿಕೆ 1: ಚೆನ್ನಾಗಿ ಬಲ್ಲವರು ಚೆನ್ನಾಗಿ ಕಲಿಸುತ್ತಾರೆ

ವಿಷಯಜ್ಞಾನ ಬೇಕೇ ಬೇಕು. ಆದರೆ ಅದಕ್ಕೊಂದು ಅಡ್ಡಪರಿಣಾಮವಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಪರಿಚಿತ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಎಂದು ಊಹಿಸಬೇಕು. ಕೇಳುವವರಲ್ಲಿ ಅರ್ಧದಷ್ಟು ಮಂದಿ ಗುರುತಿಸುತ್ತಾರೆ ಎಂದು ತಟ್ಟುವವರು ಅಂದಾಜಿಸಿದ್ದರು. 120 ಹಾಡುಗಳಲ್ಲಿ ಸರಿಯಾಗಿ ಗುರುತಿಸಲಾದದ್ದು ಕೇವಲ 3! ತಟ್ಟುವವರ ತಲೆಯಲ್ಲಿ ಇಡೀ ಹಾಡು ಮೊಳಗುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್ ಸದ್ದು. ವಿಷಯದಲ್ಲಿ ಮುಳುಗಿದ ಅಧ್ಯಾಪಕರಿಗೂ ಹೀಗೇ ಆಗುತ್ತದೆ. ತಮಗೆ ಸಲೀಸಾದ ಮೆಟ್ಟಿಲುಗಳನ್ನು ಅವರು ಗೊತ್ತಿಲ್ಲದೆಯೇ ಹಾರಿಸಿಬಿಡುತ್ತಾರೆ.

ನಂಬಿಕೆ 2: ಸೊಗಸಾದ ಉಪನ್ಯಾಸವೇ ಒಳ್ಳೆಯ ಪಾಠ

2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಸರಾಸರಿ 33.8% ಮಂದಿ ಅನುತ್ತೀರ್ಣರಾದರೆ, ವಿದ್ಯಾರ್ಥಿಗಳು ಚರ್ಚಿಸಿ, ಬಿಡಿಸಿ, ಉತ್ತರಿಸಿ ಕಲಿತ ತರಗತಿಗಳಲ್ಲಿ ಇದು 21.8%. ಇದಕ್ಕೆ ದುಬಾರಿ ಸ್ಮಾರ್ಟ್ ಬೋರ್ಡ್ ಬೇಕಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ ಬೆಳೆಸಿದ ವಿಧಾನದಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಉತ್ತರ ಆರಿಸುತ್ತಾರೆ, ಪಕ್ಕದವರೊಡನೆ ವಾದಿಸುತ್ತಾರೆ, ಮತ್ತೆ ಉತ್ತರಿಸುತ್ತಾರೆ.

ನಮ್ಮದೇ ಉದಾಹರಣೆ: ಕನ್ನಂಬಾಡಿ ಕಟ್ಟೆಯ ಹಿಂದೆ ನೀರಿನ ಆಳ ಅಷ್ಟೇ ಇದ್ದು, ಹಿನ್ನೀರು ಈಗಿನ ಅರ್ಧ ದೂರಕ್ಕೆ ಮಾತ್ರ ಹರಡಿದ್ದರೆ ಗೋಡೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆಯೇ? ಬಹಳ ಮಂದಿ 'ಹೌದು' ಎನ್ನುತ್ತಾರೆ. ನಿಂತ ನೀರಿನ ಒತ್ತಡ ಆಳವನ್ನು ಅವಲಂಬಿಸಿದೆ, ಹರವನ್ನಲ್ಲ. ಹಾಗಾಗಿ ಒತ್ತಡ ಅಷ್ಟೇ ಇರುತ್ತದೆ. ಸೂತ್ರ ಬರೆದುಕೊಂಡವರೂ ಇಲ್ಲಿ ಎಡವುತ್ತಾರೆ. ಎಡವಿದ್ದು ಪರೀಕ್ಷೆಗೆ ಮೊದಲೇ ಅಧ್ಯಾಪಕರಿಗೆ ಗೊತ್ತಾಗುವುದೇ ಇದರ ಲಾಭ.

ನಂಬಿಕೆ 3: ಎಲ್ಲರನ್ನೂ ಒಳಗೊಂಡರೆ ಗುಣಮಟ್ಟ ಇಳಿಯುತ್ತದೆ

2020ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ ಅಮೆರಿಕದ ಅವಕಾಶವಂಚಿತ ವಿದ್ಯಾರ್ಥಿಗಳ ಫಲಿತಾಂಶವನ್ನು ಬೇರೆಯಾಗಿ ನೋಡಿತು. ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಅವರಿಗೂ ಉಳಿದವರಿಗೂ ನಡುವಿನ ಪರೀಕ್ಷಾ ಅಂಕಗಳ ಅಂತರ 33%, ತೇರ್ಗಡೆಯ ಅಂತರ 45% ಕುಗ್ಗಿತ್ತು. ಅಂತರ ಇಳಿದದ್ದು ಮುಂದಿದ್ದವರನ್ನು ಹಿಂದಕ್ಕೆ ಎಳೆದು ಅಲ್ಲ, ಹಿಂದಿದ್ದವರು ಮುಂದೆ ಬಂದು.

ಒಳಗೊಳ್ಳುವುದು ಎಂದರೆ ಪ್ರಶ್ನೆಪತ್ರಿಕೆಯನ್ನು ಸುಲಭ ಮಾಡುವುದಲ್ಲ. ಪ್ರಶ್ನೆ ಕೇಳಿ 3 ಸೆಕೆಂಡಾದರೂ ಕಾಯುವುದು. ಶಾಲೆಗಳಲ್ಲಿ ಮೇರಿ ಬಡ್ ರೋ ನಡೆಸಿದ ಅಧ್ಯಯನದಲ್ಲಿ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿಬಿಟ್ಟರು. ಬೋರ್ಡಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಕಣ್ಣು ಮಂದವಿರುವವರಿಗೆ ಅನುಕೂಲ. ತರಗತಿಯ ಕಡೆ ಮುಖ ಮಾಡಿ ಮಾತಾಡಿದರೆ ಕಿವಿ ಮಂದವಿರುವವರಿಗೆ ಅನುಕೂಲ. ಇಂಗ್ಲಿಷ್ ಪದವನ್ನೂ ಅದರ ಕನ್ನಡ ವಿವರಣೆಯನ್ನೂ ಜೊತೆಯಾಗಿ ಕೊಟ್ಟರೆ ಅರ್ಧ ತರಗತಿಗೆ ಅನುಕೂಲ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲೇ ಹೊತ್ತ ಬಿ.ಎಂ.ಶ್ರೀ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೇ ಕನ್ನಡವನ್ನು ಕಟ್ಟಿದವರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟ ಪರಂಪರೆಯೂ ನಮ್ಮಲ್ಲಿದೆ.

ಹಾಗಾದರೆ ಅಧ್ಯಾಪಕರಿಗೆ ಇದನ್ನು ಕಲಿಸುವವರು ಯಾರು?

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ ದೇಶದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರಿನಲ್ಲೂ ಒಂದು ಬಂತು. ಮುಂದೆ ಇವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಇಲ್ಲಿನ ಕೋರ್ಸುಗಳು ಕಾಯಂ ಅಧ್ಯಾಪಕರ ಬಡ್ತಿಗೆ ಲೆಕ್ಕಕ್ಕೆ ಬರುತ್ತವೆ.

ತೊಡಕು ಇರುವುದು ಇಲ್ಲೇ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರು. ಅವರಿಗೆ ಬಡ್ತಿಯೇ ಇಲ್ಲ, ಮುಂದಿನ ವರ್ಷ ಕೆಲಸ ಇರುತ್ತದೆಯೇ ಎಂಬ ಖಾತ್ರಿಯೂ ಇಲ್ಲ. ಗೌರವಧನಕ್ಕಾಗಿ, ಸೇವಾ ಭದ್ರತೆಗಾಗಿ ಬೀದಿಗಿಳಿಯಬೇಕಾದವರಿಗೆ 'ಬೋಧನೆ ಸುಧಾರಿಸಿಕೊಳ್ಳಿ' ಎಂದು ಉಪದೇಶಿಸುವುದು ಸುಲಭ, ನ್ಯಾಯವಲ್ಲ. ತರಬೇತಿಗೆ ಹೋದ ದಿನದ ಸಂಬಳ ಕಡಿತವಾಗದಂತೆ ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಎರಡನೆಯದು, ತರಬೇತಿಯ ಸ್ವರೂಪ. ಎರಡು ವಾರ ಕುಳಿತು ಉಪನ್ಯಾಸ ಕೇಳಿ 'ಉಪನ್ಯಾಸ ಕಡಿಮೆ ಮಾಡಿ' ಎಂದು ಕಲಿಯುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಯಾವುದೇ ಕೌಶಲದಂತೆ ಬೋಧನೆಯೂ ಮಾಡಿ, ತಪ್ಪಿ, ತಿದ್ದಿಕೊಂಡೇ ಬರಬೇಕು. ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ತಿಂಗಳಿಗೊಮ್ಮೆ ಒಂದು ಕಾಲೇಜಿನ ಅಧ್ಯಾಪಕರು ಇನ್ನೊಂದರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು. ಅಂಕ ಕೊಡಲು ಅಲ್ಲ, ಯಾವಾಗ ತರಗತಿ ಕಳಚಿಕೊಂಡಿತು ಎಂದು ಹೇಳಲು. ಕನ್ನಂಬಾಡಿಯಂಥ ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ ಬರೆದು ಹಂಚಿಕೊಳ್ಳಬಹುದು.

ಒಂದು ಎಚ್ಚರಿಕೆ. ಹೊಸ ವಿಧಾನ ತಂದ ಕೂಡಲೇ ವಿದ್ಯಾರ್ಥಿಗಳು ಮೆಚ್ಚುತ್ತಾರೆ ಎಂದೇನಿಲ್ಲ. 2019ರ ಹಾರ್ವರ್ಡ್ ಅಧ್ಯಯನವೊಂದರಲ್ಲಿ ಸಕ್ರಿಯವಾಗಿ ಕಲಿತವರು ಹೆಚ್ಚು ಕಲಿತಿದ್ದರೂ 'ಕಡಿಮೆ ಕಲಿತೆವು' ಎಂದೇ ಭಾವಿಸಿದ್ದರು. ತಲೆ ಕೆಡಿಸಿಕೊಂಡು ಕಲಿಯುವುದು ಹಿತವಾಗಿರುವುದಿಲ್ಲ. ಆದ್ದರಿಂದ ಮೊದಲ ಟರ್ಮಿನ ಗೊಣಗಾಟ ಕೇಳಿ ಅಧ್ಯಾಪಕರು ಹಿಂದೆ ಸರಿಯದಂತೆ ಪ್ರಾಂಶುಪಾಲರು ಬೆನ್ನಿಗೆ ನಿಲ್ಲಬೇಕು.

ಹಾಗಾಗಿ ನಿಮ್ಮ ಮನೆಯ ಮಗಳೋ ಮಗನೋ 'ಪಾಠ ತಲೆಗೆ ಹೋಗಲ್ಲ' ಎಂದರೆ ದಡ್ಡತನ ಎಂದು ತೀರ್ಮಾನಿಸುವ ಮೊದಲು ಒಮ್ಮೆ ಯೋಚಿಸಿ. ಅವರ ಕಿವಿಗೆ ಬೀಳುತ್ತಿರುವುದು ಹಾಡೋ, ಬರೀ ಟಕ್ ಟಕ್ ಸದ್ದೋ?