ಸಾಮ್ರಾಜ್ಯಗಳ ಗಡಿಯೂ ತೊಗರಿಯ ಹೊಲವೂ

ಕಲಾ ವಿಭಾಗದವನಿಗೆ ಜೀವಶಾಸ್ತ್ರದ ಗೊಡವೆಯೇಕೆಂದು ಮಿತ್ರರು ಕೇಳದಿರರು. ಜೀವಿಗಳನ್ನು ‘ಸಾಮ್ರಾಜ್ಯ’ಗಳಾಗಿ ವಿಂಗಡಿಸುವ ವಿಷಯವು ಇತಿಹಾಸದ ವಿದ್ಯಾರ್ಥಿಗೂ ಸೇರಿದ್ದೆಂದು ನನ್ನ ಮತ. ಸುರಪುರದ ಸಂಸ್ಥಾನವು 1858ರಲ್ಲಿ ಆಂಗ್ಲರ ವಶವಾಗಿ, 1860ರಲ್ಲಿ ನಿಜಾಮರಿಗೆ ಸಂದಿತು. ನಕ್ಷೆಯ ಗೆರೆ ಬದಲಾಯಿತೇ ಹೊರತು ಕೃಷ್ಣೆಯ ಹರಿವಲ್ಲ. ಜೀವಲೋಕದ ಗಡಿಗಳೂ ಹೀಗೆಯೇ ಮನುಷ್ಯರು ಎಳೆದವು. 1735ರಲ್ಲಿ ಲಿನೇಯಸನು ಜೀವಿಗಳನ್ನು ಸಸ್ಯ, ಪ್ರಾಣಿ ಎಂದು ಎರಡೇ ಪಾಲು ಮಾಡಿದನು. 1866ರಲ್ಲಿ ಹೆಕೆಲನು ಸೂಕ್ಷ್ಮಜೀವಿಗಳಿಗಾಗಿ ಮೂರನೆಯದನ್ನು ಕಟ್ಟಿದನು. 1969ರಲ್ಲಿ ವಿಟೇಕರನು ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ ಎಂದು ಐದು ಮಾಡಿದನು. 1990ರಲ್ಲಿ ವೋಸ್ ಮತ್ತು ಸಂಗಡಿಗರು ಇವೆಲ್ಲದರ ಮೇಲೆ ಮೂರು ‘ಡೊಮೇನ್’ಗಳನ್ನಿಟ್ಟರು. ನಾವಾದರೋ ಐದು ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತೇವೆ!

ಇದರಿಂದ ನಷ್ಟವೇನೆಂಬುದನ್ನು ನಮ್ಮ ಕಡೆಯ ತೊಗರಿಯ ಹೊಲದಲ್ಲಿ ನೋಡಬೇಕು. ಗಿಡವು ಸಸ್ಯ. ಅದರ ಬೇರುಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಮೊನೆರಾಕ್ಕೆ ಸೇರಿದ್ದು. ನಿಂತ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗಕ್ಕೆ ಕಾರಣ ಶಿಲೀಂಧ್ರ. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಲಿನೇಯಸನ ಕಾಲದಲ್ಲಿ ಶಿಲೀಂಧ್ರವೂ ಸಸ್ಯವೇ. ಆದರೆ ಅದು ಬಿಸಿಲಿನಿಂದ ಅನ್ನ ಮಾಡಿಕೊಳ್ಳದು, ಹೊರಗಿನಿಂದ ಹೀರುತ್ತದೆ. ಅದರ ಕೋಶಭಿತ್ತಿಯಲ್ಲಿರುವ ಕೈಟಿನ್ ಕೀಟಗಳ ಚಿಪ್ಪಿನಲ್ಲಿಯೂ ಇದೆ. ವಂಶವಾಹಿಗಳನ್ನು ಹೋಲಿಸಿದವರು ಹೇಳುವಂತೆ ನಾಯಿಕೊಡೆಯು ಹುಣಸೆಮರಕ್ಕಿಂತ ನಮಗೇ ಹತ್ತಿರದ ನೆಂಟ.

ಇನ್ನು ಗೊಡ್ಡು ರೋಗ. ಎಲೆ ಸಣ್ಣದಾಗಿ, ಬಣ್ಣಗೆಟ್ಟು, ಗಿಡ ಹೂವಿಲ್ಲದೆ ಕಾಯಿಲ್ಲದೆ ನಿಲ್ಲುತ್ತದೆ. ಇದನ್ನು ತರುವುದು ವೈರಸ್ಸು. ವಿಟೇಕರನ ಐದು ಸಾಮ್ರಾಜ್ಯಗಳಲ್ಲಿ ಅದಕ್ಕೆ ಎಡೆಯೇ ಇಲ್ಲ. ಅದನ್ನು ಗಿಡದಿಂದ ಗಿಡಕ್ಕೆ ಹೊರುವ, ಬರಿಗಣ್ಣಿಗೆ ಕಾಣದ ನುಸಿ ಮಾತ್ರ ಪ್ರಾಣಿ.

ಎರಡನ್ನೂ ಬರಿಯ ‘ರೋಗ’ವೆಂದು ಕರೆದು ಒಂದೇ ಔಷಧ ಹೊಡೆದರೆ ಸಾಲ ಬೆಳೆದೀತೇ ಹೊರತು ತೊಗರಿ ಬೆಳೆಯದು. ಶಿಲೀಂಧ್ರನಾಶಕಕ್ಕೆ ವೈರಸ್ಸು ಬಗ್ಗದು. ಗೊಡ್ಡು ಗಿಡಗಳನ್ನು ಮೊದಲಲ್ಲೇ ಕಿತ್ತು, ನುಸಿಯನ್ನು ತಡೆಯಬೇಕು. ನೆಟೆಯ ಶಿಲೀಂಧ್ರವೋ ವರ್ಷಗಟ್ಟಲೆ ಮಣ್ಣಿನಲ್ಲಿ ಅಡಗಿರುವಂಥದು. ಅದಕ್ಕೆ ಬೆಳೆ ಬದಲಾವಣೆ, ರೋಗ ತಡೆಯುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ. (ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯ!)

ಆದುದರಿಂದ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಐದು ಸಾಮ್ರಾಜ್ಯಗಳನ್ನು ಹೆಸರಿಸಿ ಎಂದು ಕೇಳುವ ಬದಲು, ಶಿಲೀಂಧ್ರವನ್ನು ಸಸ್ಯದಿಂದ ಏಕೆ ಹೊರಗಿಟ್ಟರೆಂದು ಕೇಳಿರಿ. ತೊಗರಿ ಹೂವಾಡುವ ಕಾಲದಲ್ಲಿ ಕಲಾ ವಿಭಾಗದವರನ್ನೂ ಒಂದು ದಿನ ಶಹಾಪುರದ ಹೊಲಗಳಿಗೆ ಕರೆದೊಯ್ಯಿರಿ. ಬಸ್ಸಿನ ಖರ್ಚು ನಮ್ಮದೇ.